‘ಇದು ನನ್ನದೇ ಕೃತಿ’

ಫೋಟೊ ಹೋಗಿತ್ತು.

ವಿಶ್ವಕೋಶದ ಪುಟದಲ್ಲಿ ಅದು ಇದ್ದ ಜಾಗದಲ್ಲಿ ಕೆಂಪಕ್ಷರದ ಒಂದು ಸಾಲು ಮಾತ್ರ ಉಳಿದಿತ್ತು: ‘ಹಕ್ಕುಸ್ವಾಮ್ಯದ ದೂರಿನ ಮೇರೆಗೆ ಈ ಚಿತ್ರವನ್ನು ಅಳಿಸಲಾಗಿದೆ.’ ಡೊಂಬಿವಲಿಯ ನಮ್ಮ ಕನ್ನಡ ಸಂಘದ ವಾಚನಾಲಯದಲ್ಲಿ, ಕುಂಟುವ ಮೇಜಿನ ಮುಂದೆ ಕೂತು ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಓದಿದರೆ ಬದಲಾಗುತ್ತದೆಯೇ?

ಕಾರ್ಖಾನೆಯ ರಿಯಾಕ್ಟರ್ ಸಿಡಿದು ಮೂವರು ಸತ್ತ ಪ್ರಕರಣದಲ್ಲಿ ನಮ್ಮ ಸಂಘದ ಕಾಂಚನಾಳ ಗಂಡ ಪ್ರಭುದೇವ ಕಲ್ಯಾಣದ ಜೈಲಿನಲ್ಲಿದ್ದ. ಅವನ ಜಾಮೀನಿನ ವಿಚಾರಣೆ ಇವತ್ತು ಮಧ್ಯಾಹ್ನ, ಮತ್ತು ಅವನ ಪರವಾಗಿ ಇದ್ದ ಸಾಕ್ಷಿ ಅದೊಂದೇ ಫೋಟೊ.

ಫೋಟೊದಲ್ಲಿ ಇದ್ದದ್ದು ಇಷ್ಟು. ರಿಯಾಕ್ಟರಿನ ಮೇಲಿನ ಸುರಕ್ಷಾ ಕವಾಟಕ್ಕೆ ಹೋಗುವ ಪೈಪು. ಆ ಪೈಪಿಗೆ ಅಡ್ಡವಾಗಿ, ಒಳಗಿನ ಒತ್ತಡ ಹೊರಗೆ ಹೋಗದಂತೆ ಬಿಗಿದ ಒಂದು ಉಕ್ಕಿನ ತಟ್ಟೆ. ಅದಕ್ಕೆ ಕಾರ್ಖಾನೆಯವರು ‘ಬ್ಲೈಂಡ್’ ಎನ್ನುತ್ತಾರೆ. ಹಿಂದೆ, ಶೆಡ್ಡಿನ ತುದಿಯಲ್ಲಿ, ದೀಪದ ಸರ ಹಾಕಿದ ಗಣಪತಿ ಮಂಟಪ.

ಶಿಫ್ಟಿನ ಮುಖ್ಯಸ್ಥನಾಗಿದ್ದ ಪ್ರಭುದೇವನೇ ರಿಯಾಕ್ಟರ್ ಸಿಡಿದ ದಿನ ತಟ್ಟೆ ಹಾಕಿಸಿದ ಎನ್ನುವುದು ಪೊಲೀಸರ ಆರೋಪ. ಆದರೆ ಅದಕ್ಕೂ ಮುಂಚೆ, ಗಣಪತಿ ಕೂತಿದ್ದ ದಿನಗಳಲ್ಲಿ, ಅವನು ಡೊಂಬಿವಲಿಯಲ್ಲೇ ಇರಲಿಲ್ಲ. ತಾಯಿ ಕಾಳವ್ವನ ಆಪರೇಶನ್ನಿಗೆಂದು ಹೆಂಡತಿಯ ಜೊತೆ ಹುಬ್ಬಳ್ಳಿಗೆ ಹೋಗಿದ್ದ. ಅವನಿಲ್ಲದಾಗಲೇ ತಟ್ಟೆ ಅಲ್ಲಿತ್ತು ಎಂದು ಆ ಗಣಪತಿಯೇ ಹೇಳುತ್ತಿದ್ದ.

ಪೊಲೀಸರು ಫೋಟೊ ಮುಟ್ಟಲಿಲ್ಲ. ಪತ್ರಿಕೆಯವರು ನೋಡೋಣ ಎಂದರು, ನೋಡಲಿಲ್ಲ. ಆಗ ಕಾಂಚನಾ ಬಂದದ್ದು ನನ್ನ ಹತ್ತಿರ.

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನಾನು ಆನ್‌ಲೈನ್ ವಿಶ್ವಕೋಶದ ನಿರ್ವಾಹಕಿ. ಸಂಬಳವಿಲ್ಲದ ಕೆಲಸ. ಯಾರು ಬರೆದ ಪುಟವನ್ನಾದರೂ ಅಳಿಸುವ ಅಧಿಕಾರ ನನಗಿದೆ. ಮನೆಯಲ್ಲಿ ಒಂದು ಹಳೆಯ ಬಿಸ್ಕೆಟ್ ಡಬ್ಬಿ ಎಸೆಯುವ ಅಧಿಕಾರ ಇನ್ನೂ ಸಿಕ್ಕಿಲ್ಲ. ಭಾನುವಾರ ಸಂಘದಲ್ಲಿ ಹೊಸಬರಿಗೆ ಬರೆಯುವುದನ್ನು ಕಲಿಸುತ್ತೇನೆ.

ಕಾಂಚನಾ ಮೊದಲ ದಿನವೇ ಈ ದುರಂತದ ಪುಟಕ್ಕೆ ಪತ್ರಿಕೆಯ ವರದಿಯನ್ನು ಇದ್ದ ಹಾಗೇ ಇಳಿಸಿದಳು. ಅಳಿಸಿದೆ. “ಪೇಪರ್‌ದಾಗ ಬಂದದ್ದು ಎಲ್ಲಾರದೂ ಅಲ್ಲೇನ್ರಿ ಅಕ್ಕಾರ?” ಎಂದು ಕೇಳಿದಳು. ಸುದ್ದಿ ಎಲ್ಲರದು, ಬರೆದ ವಾಕ್ಯ ಬರೆದವರದು ಎಂದು ಬಿಡಿಸಿ ಹೇಳಿದೆ. ಕೂತು, ತನ್ನ ಮಾತಿನಲ್ಲಿ ಮತ್ತೆ ಬರೆದಳು.

ಎರಡನೆಯ ನಿಯಮ ಹಿತಾಸಕ್ತಿಯದು. ನಮ್ಮವರ ಬಗ್ಗೆ ನಾವೇ ಬರೆಯುವಾಗ ಸಂಬಂಧವನ್ನು ಹೇಳಿಕೊಳ್ಳಬೇಕು. ಲೇಖನಕ್ಕೆ ಕೈ ಹಾಕದೆ, ಇಂಥದ್ದನ್ನು ಸೇರಿಸಿ ಎಂದು ಚರ್ಚಾ ಪುಟದಲ್ಲಿ ಕೇಳಿಕೊಳ್ಳಬೇಕು. ಸಂಘದ ಎಷ್ಟೋ ಹಿರಿಯರು ತಮ್ಮ ಬಗ್ಗೆ ತಾವೇ ‘ಹೆಸರಾಂತ ಸಮಾಜ ಸೇವಕರು’ ಎಂದು ಬರೆದು ನನ್ನ ಬಳಿ ಬೈಸಿಕೊಂಡಿದ್ದಾರೆ. ಇವಳು ಮಾತ್ರ ಹೇಳಿದ ಕೂಡಲೇ ಬರೆದಳು: ‘ನಾನು ಆರೋಪಿ ಪ್ರಭುದೇವ ಅವರ ಹೆಂಡತಿ ಕಾಂಚನಾ.’ ನನಗೆ ಹೆಮ್ಮೆಯಾಗಿತ್ತು.

ಫೋಟೊವನ್ನು ಅವಳು ಏರಿಸಿದ್ದು ಮನೆಯಿಂದ. ಏರಿಸುವಾಗ ವಿಶ್ವಕೋಶ ಒಂದು ಪ್ರಶ್ನೆ ಕೇಳುತ್ತದೆ: ಇದು ಯಾರ ಕೃತಿ? ಅವಳು ‘ಇದು ನನ್ನದೇ ಕೃತಿ’ ಎಂಬಲ್ಲಿ ಗುರುತು ಹಾಕಿದ್ದಳು. ಹೊಸಬರೆಲ್ಲ ಮಾಡುವ ತಪ್ಪು. ಗಂಡನ ಫೋನಿಗೆ ಯಾರೋ ಕಳಿಸಿದ್ದು, ಮನೆಯದು, ಹಾಗಾಗಿ ನಮ್ಮದು ಎಂಬ ಲೆಕ್ಕ ಇರಬೇಕು ಎಂದುಕೊಂಡೆ. ಅದು ನನ್ನ ಕಣ್ಣಿಗೆ ಬಿದ್ದದ್ದು ನಿನ್ನೆ, ‘ಈ ಫೋಟೊ ನನ್ನದು, ಆ ಹೆಂಗಸಿನದಲ್ಲ’ ಎಂದು ಯಾರೋ ದೂರು ಕೊಟ್ಟ ಮೇಲೆ.

ಕಾಂಚನಾ ನನ್ನ ಪರಿಚಯದವಳು. ಆದ್ದರಿಂದ ದೂರನ್ನು ನಾನು ತೀರ್ಮಾನಿಸುವಂತಿಲ್ಲ. ನಿಯಮದ ಪ್ರಕಾರ ದೂರ ಸರಿದೆ. ಕಾಮೋಠೆಯ ಪ್ರಣೀತಾ, ನನ್ನಂತೆಯೇ ನಿರ್ವಾಹಕಿ, ಈಗಷ್ಟೇ ಅಳಿಸಿದ್ದಳು.

ಅವಳಿಗೆ ಫೋನು ಮಾಡಿದೆ.

“ಸಾರಿ ಆಂಟಿ. ಕ್ಯಾ ಕರೂಂ? ಅವರು ಒರಿಜಿನಲ್ ಫೈಲ್ ಕಳಿಸಿದ್ದಾರೆ. ಕಾಂಚನಾ ಹಾಕಿದ್ದು ವಾಟ್ಸಾಪಿನಲ್ಲಿ ಬಂದ ಚಿಕ್ಕದು. ಇದು ದೊಡ್ಡದು, ಕ್ಯಾಮೆರಾದ ವಿವರ ಎಲ್ಲ ಇದೆ. ಫೋಟೊ ಅವರದೇ.”

“ಅವರು ಅಂದ್ರೆ ಯಾರು?”

“ಹೆಸರು ಹೇಳ್ಲಿಕ್ಕಿಲ್ಲ ಆಂಟಿ. ದೂರಿನ ಮೇಲ್ ಗುಪ್ತ. ನೀವೇ ನನಗೆ ಕಲಿಸಿದ್ದಲ್ವಾ?”

ನಾನೇ ಕಲಿಸಿದ್ದು. ಫೋನಿಟ್ಟೆ.

ಕಾಂಚನಾಳ ಮೊಬೈಲಿನಲ್ಲಿ ಪ್ರತಿ ಇತ್ತು, ನನ್ನದರಲ್ಲೂ ಇತ್ತು. ಅದರಿಂದ ಏನೂ ಪ್ರಯೋಜನವಿಲ್ಲ. ಆರೋಪಿಯ ಹೆಂಡತಿ ಪರರ ಫೋಟೊವನ್ನು ತನ್ನದೆಂದು ಸುಳ್ಳು ಹೇಳಿ ಹಾಕಿದಳು, ಸಿಕ್ಕಿಬಿದ್ದಳು. ನ್ಯಾಯಾಲಯದಲ್ಲಿ ಇಷ್ಟು ಹೇಳಿದರೆ ಆ ಚಿತ್ರವನ್ನು ಯಾರು ನಂಬುತ್ತಾರೆ?

ಆದರೂ ಒಂದು ಎಳೆ ಸಿಕ್ಕಿತ್ತು. ಫೋಟೊ ತನ್ನದು ಎಂದವನು ಗಣಪತಿಯ ದಿನಗಳಲ್ಲಿ ಆ ರಿಯಾಕ್ಟರಿನ ಎದುರು ನಿಂತಿದ್ದ. ತಟ್ಟೆಯನ್ನು ಕಣ್ಣಾರೆ ಕಂಡಿದ್ದ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಹೆಸರು.

ಲೀಲಾಧರ ಆ ಕಾರ್ಖಾನೆಯ ಮ್ಯಾನೇಜರು, ನಮ್ಮ ಸಂಘದ ಉಪಾಧ್ಯಕ್ಷರು, ಉಡುಪಿ ಕಡೆಯವರು. ಎಂಐಡಿಸಿ ಕೈಗಾರಿಕಾ ಪ್ರದೇಶದ ನಿವಾಸಿ ವಿಭಾಗದಲ್ಲಿ ಮನೆ. ರಿಕ್ಷಾ ಹಿಡಿದು ಹೋದಾಗ ಅವರು ವರಾಂಡದಲ್ಲಿ ಚಾ ಕುಡಿಯುತ್ತಿದ್ದರು. ಕಾಂಪೌಂಡಿಗೆ ಹೊಸ ಗೇಟು ಕೂರಿಸುತ್ತಿದ್ದ ಕೆಲಸದವನು ಹತ್ಯಾರುಗಳನ್ನು ಚೀಲಕ್ಕೆ ತುಂಬುತ್ತಿದ್ದ.

“ಬನ್ನಿ ನಳಿನಕ್ಕ. ಚಾ ಮಾಡ್ಲಿಕ್ಕೆ ಹೇಳ್ತೇನೆ.”

“ಚಾ ಬೇಡ. ಫೋಟೊ ಅಳಿಸಿಹಾಕಿಸಿದ್ದು ನೀವಾ?”

“ಯಾವ ಫೋಟೊ?”

“ಬ್ಲೈಂಡಿನದ್ದು. ನಿಮಗೆ ಗೊತ್ತುಂಟು.”

“ಆ ಫೋಟೊ ನಾನು ನೋಡಿಯೇ ಇಲ್ಲ.” ಅವರು ಒಂದು ಗುಟುಕು ಚಾ ಕುಡಿದರು. “ಹಾಗೆ ಹೇಳ್ಬೇಕು ಅಂತ ನಮ್ಮ ವಕೀಲರು ಹೇಳಿದ್ದಾರೆ.”

ನನಗೆ ಮೈಯೆಲ್ಲ ಉರಿಯಿತು. “ಮೂರು ಜನ ಸತ್ತಿದ್ದಾರೆ ಲೀಲಾಧರಣ್ಣ. ನಾಲ್ಕನೆಯವನು ಜೈಲಿನಲ್ಲಿ ಕೊಳೀತಾ ಇದ್ದಾನೆ. ಫೋಟೊ ಕಂಪೆನಿಯದ್ದು ಅಂತ ದೂರು ಕೊಟ್ಟು ಅದನ್ನೂ ಅಳಿಸಿದ್ರಲ್ಲ?”

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕುರ್ಚಿ ಎಳೆದು ಕೊಟ್ಟರು.

“ಕೂತ್ಕೊಳ್ಳಿ. ನೀವು ಬ್ಯಾಂಕಿನವರು, ಸ್ವಲ್ಪ ಯೋಚನೆ ಮಾಡಿ. ಫೋಟೊ ನಮ್ಮದು ಅಂತ ನಾವು ದೂರು ಕೊಟ್ರೆ, ಅದು ನಮ್ಮ ಪ್ಲಾಂಟಿನದ್ದು ಅಂತ ಬರೆದು ಕೊಟ್ಟ ಹಾಗಾಯ್ತಲ್ಲ? ಆ ರಿಯಾಕ್ಟರ್ ನಮ್ಮದು, ಆ ಗಣಪತಿ ನಮ್ಮದು, ಆ ಬ್ಲೈಂಡೂ ನಮ್ಮದು. ಅದು ಎಲ್ಲಿಯದ್ದೋ ಫೋಟೊ, ನಮಗೂ ಅದಕ್ಕೂ ಸಂಬಂಧ ಇಲ್ಲ ಅಂತ ಹೇಳ್ಲಿಕ್ಕೆ ನಾವು ವಕೀಲರನ್ನು ಇಟ್ಟದ್ದು.”

ಅವರ ಮಾತು ಸರಿ. ಹೌದಲ್ಲ, ಕಂಪೆನಿ ಈ ಫೋಟೊವನ್ನು ಯಾವ ಕಾರಣಕ್ಕೂ ತನ್ನದು ಎನ್ನಲಾರದು. ರಿಕ್ಷಾದಲ್ಲಿ ಕಟ್ಟಿಕೊಂಡು ಬಂದ ನನ್ನ ವಾದವೆಲ್ಲ ಅಲ್ಲೇ ಮುಗಿಯಿತು.

“ಹಾಗಾದ್ರೆ ಯಾರು?”

“ನನಗೆ ಎಂತ ಗೊತ್ತು?” ಅವರು ತಲೆ ತಗ್ಗಿಸಿದರು. “ಸತ್ತವರ ಹೆಸರು ನನಗೆ ನಿದ್ರೆಯಲ್ಲಿಯೂ ಬರ್ತದೆ ನಳಿನಕ್ಕ. ಆದ್ರೆ ನಾನು ಮಾಲೀಕ ಅಲ್ಲ. ನಾನೂ ಒಬ್ಬ ನೌಕರ.”

ಹೊರಗೆ ಕೆಲಸದವನು ಮೊಬೈಲು ತೆಗೆದು ಗೇಟಿನ ಫೋಟೊ ಹೊಡೆಯುತ್ತಿದ್ದ. ಹಿಂದೆ ಸರಿದು ಒಂದು, ಕೀಲಿನ ಹತ್ತಿರ ಬಗ್ಗಿ ಇನ್ನೊಂದು. ಸಿಟ್ಟನ್ನು ಎಲ್ಲಾದರೂ ಇಳಿಸಬೇಕಿತ್ತು ನನಗೆ.

“ಗೇಟಿಗೂ ಫೋಟೊ ಶೂಟ್ ಮಾಡಿಸ್ತೀರಾ?”

“ಅದು ಬಿಲ್ಲಿಗೆ. ಕೆಲಸ ಮುಗಿದದ್ದಕ್ಕೆ ಕಾಂಟ್ರಾಕ್ಟರ್ ಫೋಟೊ ಕೊಡ್ಬೇಕು. ಇಲ್ಲದಿದ್ರೆ ಬಿಲ್ ಪಾಸಾಗೋದಿಲ್ಲ. ಫ್ಯಾಕ್ಟರಿಯಲ್ಲಿಯೂ ನಾವು ಹಾಗೆಯೇ...”

ಅವರು ಮಾತು ನಿಲ್ಲಿಸಿದರು. ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು.

“ಫ್ಯಾಕ್ಟರಿಗೆ ಫಿಟ್ಟರ್‌ಗಳನ್ನು ಕೊಡುವ ಕಾಂಟ್ರಾಕ್ಟರ್ ಯಾರು ಲೀಲಾಧರಣ್ಣ?”

ಅವರು ಎದ್ದರು. ಸಂಘದ ಸಭೆಗಳಲ್ಲಿ ಎಂದೂ ಕಾಣದ ಒಂದು ದಣಿವು ಅವರ ಮುಖದ ಮೇಲಿತ್ತು.

“ನಾನು ಎಂತದೂ ಹೇಳಲಿಲ್ಲ. ನೀವು ಎಂತದೂ ಕೇಳಲಿಲ್ಲ. ಅದನ್ನು ಕಾಂಚನಾನ ಹತ್ರ ಕೇಳಿ.”

ಕಾಂಚನಾ ಡೊಂಬಿವಲಿ ಸ್ಟೇಷನ್ನಿನಲ್ಲಿ ನನಗಾಗಿ ಕಾಯುತ್ತಿದ್ದಳು. ಎದೆಗೆ ಒತ್ತಿಕೊಂಡ ಪ್ಲಾಸ್ಟಿಕ್ ಕವರಿನಲ್ಲಿ ಇಸ್ತ್ರಿ ಮಾಡಿದ ಒಂದು ನೀಲಿ ಶರ್ಟು. ಗಂಡ ಜೈಲಿನಿಂದ ಹೊರಗೆ ಬರುವಾಗ ಹಾಕಿಕೊಳ್ಳಲು ತಂದಿದ್ದಳು. ಫೋಟೊ ಹೋದ ವಿಷಯ ಹೇಗೆ ಹೇಳಲಿ ಎಂದು ಯೋಚಿಸುತ್ತಲೇ ಅವಳ ಹಿಂದೆ ಲೇಡೀಸ್ ಡಬ್ಬಿಯೊಳಗೆ ನುಗ್ಗಿದೆ.

ಬಾಗಿಲ ಪಕ್ಕದ ಮೂಲೆಯಲ್ಲಿ ನಿಲ್ಲಲು ಜಾಗ ಸಿಕ್ಕಿತು.

“ಕಾಂಚನಾ, ಆ ಫೋಟೊ ಪ್ರಭುದೇವ ನಿನಗೆ ಯಾವಾಗ ಕಳಿಸಿದ್ದು?”

“ಅವ್ರೆಲ್ಲಿ ಕಳಸ್ಯಾರ್ರಿ? ಅವ್ರ ಫೋನು ಅವತ್ತ ಸುಟ್ಟು ಹೋತಲ್ಲ. ಕಾಕಾ ಕೊಟ್ರು.”

“ಯಾವ ಕಾಕಾ?”

“ವಿರುಪಾಕ್ಷಪ್ಪ ಕಾಕಾ. ನಮ್ಮ ಮಾವನವರ ತಮ್ಮ. ನಿಮಗ ಗೊತ್ತಲ್ರಿ.”

ಗೊತ್ತಿಲ್ಲದೆ ಏನು? ಹಣೆ ತುಂಬ ವಿಭೂತಿ, ಮೃದು ಮಾತು. ಪ್ರಭುದೇವನನ್ನು ಊರಿನಿಂದ ಕರೆತಂದು ಕೆಲಸಕ್ಕೆ ಹಚ್ಚಿದವರು. ಅವನು ಜೈಲಿಗೆ ಹೋದಂದಿನಿಂದ ಇವಳ ಮನೆಗೆ ರೇಷನ್ ತಂದು ಹಾಕುತ್ತಿದ್ದವರು. ಇವತ್ತು ಜಾಮೀನಿಗೆ ನಿಲ್ಲುವವರೂ ಅವರೇ.

“ಅವರ ವ್ಯವಹಾರ ಎಂತದು?”

“ಲೇಬರ್ ಕಾಂಟ್ರಾಕ್ಟ್. ಇದ ಕಾರ್ಖಾನಿಗೆ ಫಿಟ್ಟರ್ ಮಂದಿನ್ನ ಕೊಡ್ತಾರ. ಆದ್ರ ತಾವು ಗೇಟಿನ ಒಳಗ ಕಾಲ ಇಡೂದಿಲ್ಲಂತ. ಪೊಲೀಸ್ರ ಮುಂದನೂ ಹಂಗ ಹೇಳ್ಯಾರ.”

ರೈಲು ಠಾಕುರ್ಲಿ ದಾಟಿತು.

“ನಿನ್ನದೇ ಕೃತಿ ಅಂತ ಗುರುತು ಹಾಕಿದ್ದೆಯಲ್ಲ, ಅದು?”

“ಕಾಕಾ ಬಾಜೂಕ ಕುಂತು ಹೇಳಿದ್ರಿ. ಮನಿಮಂದಿದು ಅಂದ್ರ ನಿಂದ ಅಲ್ಲೇನವ್ವಾ, ಹೂಂ ಅಂತ ಒತ್ತು ಅಂದ್ರು. ತಮ್ಮ ಹೆಸರು ಎಲ್ಲೂ ಬರಬಾರದು, ಬಂದ್ರ ಜಾಮೀನಿಗೆ ನಿಲ್ಲಾಕ ಆಗೂದಿಲ್ಲ ಅಂತಂದ್ರು.” ಅವಳು ನನ್ನ ಮುಖ ನೋಡಿದಳು. “ಯಾಕ್ರಿ ಅಕ್ಕಾರ? ನೀವು ಕೇಳಿರಲಿಲ್ಲಲ್ಲ, ಅದಕ್ಕ ಹೇಳಲಿಲ್ಲ.”

ಹೊಸಬಳ ತಪ್ಪಲ್ಲ ಅದು. ಪಕ್ಕದಲ್ಲಿ ಕೂತು ಮಾಡಿಸಿದ ತಪ್ಪು.

ಆ ತಟ್ಟೆ ಬಿಗಿದದ್ದು ವಿರುಪಾಕ್ಷಪ್ಪನ ಫಿಟ್ಟರುಗಳು. ಬಿಲ್ಲಿಗೆಂದು ಫೋಟೊ ತೆಗೆದದ್ದು ವಿರುಪಾಕ್ಷಪ್ಪ. ಅದನ್ನು ಇವಳ ಕೈಗೆ ಕೊಟ್ಟು, ಇವಳ ಹೆಸರಿನಲ್ಲಿ ಏರಿಸಿ, ಆಮೇಲೆ ಇದು ನನ್ನದು ಎಂದು ಗುಟ್ಟಾಗಿ ದೂರು ಕೊಟ್ಟು ಅಳಿಸಿದ್ದೂ ಅವರೇ ಇರಬೇಕು. ನಮ್ಮ ಒಂದೊಂದು ನಿಯಮವನ್ನೂ ನನಗಿಂತ ಚೆನ್ನಾಗಿ ಓದಿಕೊಂಡಿದ್ದರು.

ಆದರೆ ಯಾಕೆ? ಫೋಟೊ ಹೊರಗೆ ಕೊಡದೆ ಸುಮ್ಮನಿದ್ದರೆ ಸಾಕಿತ್ತಲ್ಲ? ಒಂದೇ ಕಾರಣ ಹೊಳೆಯಿತು. ಆ ಫೋಟೊ ಇನ್ನೊಬ್ಬರ ಬಳಿಯೂ ಇದೆ. ಅವರು ಇಂದಲ್ಲ ನಾಳೆ ಬಾಯಿ ಬಿಡುವ ಮೊದಲು ಅದನ್ನು ಸುಳ್ಳು ಫೋಟೊ ಮಾಡಿಬಿಡಬೇಕಿತ್ತು.

“ಕಾಂಚನಾ, ಫೋಟೊ ಅಳಿಸಿಬಿಟ್ಟಿದ್ದಾರೆ.”

“ಗೊತ್ತೈತ್ರಿ. ಮುಂಜಾನೆ ಕಾಕಾ ಹೇಳಿದ್ರು.”

ಮುಂಜಾನೆ ಫೋಟೊ ಇನ್ನೂ ಇತ್ತು, ಅದು ಹೋದದ್ದು ಹನ್ನೊಂದರ ಮೇಲೆ. ಹೋಗುತ್ತದೆ ಎಂದು, ನಾವು ನಿರ್ವಾಹಕರನ್ನು ಬಿಟ್ಟರೆ, ದೂರು ಕೊಟ್ಟವನಿಗೆ ಮಾತ್ರ ಗೊತ್ತಿರಲು ಸಾಧ್ಯ. ಅವರೇ ಇರಬೇಕು ಎಂಬ ನನ್ನ ಅನುಮಾನ ಅಲ್ಲಿಗೆ ಖಾತ್ರಿಯಾಯಿತು.

“ಹೋದ್ರ ಹೋಗ್ಲಿ ಬಿಡ್ರಿ,” ಅವಳು ನನಗೇ ಧೈರ್ಯ ಹೇಳಿದಳು. “ಕಾಕಾ ಅಫಿಡವಿಟ್ ಮಾಡ್ಸ್ಯಾರ. ಸಹಿ ಮಾಡಿ ಕೊಟ್ಟೀನಿ. ಗಣಪತಿ ಆರತಿ ದಿನ ಮನಿಮಂದಿನ್ನ ಒಳಗ ಬಿಡ್ತಾರಲ್ಲ, ಅವತ್ತ ನಾನ ಹೋಗಿ ಆ ಫೋಟೊ ತೆಗೆದೆ ಅಂತ. ಅದನ್ನ ತಗೊಂಡು ಕಾಕಾ ಮೊದಲ ಕೋರ್ಟಿಗೆ ಹೋಗ್ಯಾರ.”

“ಆರತಿಯ ದಿನ ನೀನು ಎಲ್ಲಿದ್ದೆ?”

“ಹುಬ್ಬಳ್ಳ್ಯಾಗ. ಅತ್ತಿ ಹಂತ್ಯಾಕ. ಇವರ ಜೋಡಿ...”

ಅವಳ ಮಾತು ಅಲ್ಲಿಗೇ ನಿಂತಿತು.

ಗಂಡ ಹೆಂಡತಿ ಇಬ್ಬರೂ ಹುಬ್ಬಳ್ಳಿಯಲ್ಲಿದ್ದರು ಎನ್ನುವುದೇ ಪ್ರಭುದೇವನ ರಕ್ಷಣೆ. ಹೆಂಡತಿ ಕಾರ್ಖಾನೆಯೊಳಗೆ ನಿಂತು ಫೋಟೊ ತೆಗೆದಳು ಎನ್ನುತ್ತದೆ ಅಫಿಡವಿಟ್. ಎರಡನ್ನೂ ಒಟ್ಟಿಗೆ ಇಟ್ಟರೆ ಎರಡೂ ಸತ್ತುಹೋಗುತ್ತವೆ.

“ಅಕ್ಕಾರ, ಅದನ್ನ ಕೊಡಬ್ಯಾಡ ಅಂತ ವಕೀಲರಿಗೆ ಹೇಳ್ರಿ.”

ವಕೀಲರ ಫೋನು ಬಂದ್ ಆಗಿತ್ತು. ಆ ವಕೀಲರನ್ನು ಗೊತ್ತುಮಾಡಿದ್ದೂ ಕಾಕಾನೇ ಎಂದು ಅವಳು ಮೆಲ್ಲಗೆ ಹೇಳಿದಳು. ಕಲ್ಯಾಣದ ಹೊರಗೆ, ಸಿಗ್ನಲ್ಲಿಗೆ ಕಾಯುತ್ತ, ರೈಲು ಅಲ್ಲಾಡದೆ ನಿಂತುಬಿಟ್ಟಿತು. ದಿನಾ ಅಲ್ಲೇ ನಿಲ್ಲುತ್ತದೆ. ದಿನಾ ಬೈಯುತ್ತೇನೆ. ಪಕ್ಕದ ಹೆಂಗಸರು ಬೆಂಡೆಕಾಯಿಯ ರೇಟು ಮಾತಾಡಿಕೊಳ್ಳುತ್ತಿದ್ದರು. ಕಾಂಚನಾ ಕಂಬಿ ಹಿಡಿದು ಹೊರಗೆ ನೋಡುತ್ತ ನಿಂತಿದ್ದಳು. ಕೆಳಗೆ ಧುಮುಕಿ ಹಳಿಯ ಮೇಲೆ ಓಡಿಬಿಡುತ್ತಾಳೇನೋ ಎಂದು ಹೆದರಿ ಅವಳ ಸೆರಗು ಹಿಡಿದುಕೊಂಡೆ.

ನ್ಯಾಯಾಲಯದ ಕೋಣೆಗೆ ಏದುಸಿರು ಬಿಡುತ್ತ ನುಗ್ಗಿದಾಗ ಪ್ರಕರಣವನ್ನು ಕೂಗಿಯಾಗಿತ್ತು. ಅಫಿಡವಿಟ್ ನ್ಯಾಯಾಧೀಶರ ಕೈಯಲ್ಲಿತ್ತು.

ಕೊನೆಯ ಬೆಂಚಿನಲ್ಲಿ ಕೂತಿದ್ದ ವಿರುಪಾಕ್ಷಪ್ಪ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. “ಬಂದ್ಯಾ ಅವ್ವಾ? ಕುಂಡ್ರು. ಎಲ್ಲಾ ಚೊಲೋ ಆಗ್ತೈತಿ.” ದನಿಯಲ್ಲಿ ಎಷ್ಟು ಅಕ್ಕರೆ ಇತ್ತೆಂದರೆ ನಾನೇ ಏನಾದರೂ ತಪ್ಪು ತಿಳಿದೆನೇ ಎಂದು ಒಂದು ಕ್ಷಣ ಅನಿಸಿತು.

ಕಂಪೆನಿಯ ವಕೀಲರು ಎದ್ದರು. ಅವರ ಕೈಯಲ್ಲಿ ಪ್ರಿಂಟುಗಳಿದ್ದವು. ದೂರದಿಂದಲೇ ನನಗೆ ಗುರುತು ಸಿಕ್ಕಿತು. ನಮ್ಮ ವಿಶ್ವಕೋಶದ ಪುಟಗಳು. ‘ನಾನು ಆರೋಪಿ ಪ್ರಭುದೇವ ಅವರ ಹೆಂಡತಿ ಕಾಂಚನಾ’ ಎಂದು ಅವಳು ಪ್ರಾಮಾಣಿಕವಾಗಿ ಬರೆದ ಸಾಲು, ‘ಇದು ನನ್ನದೇ ಕೃತಿ’ ಎಂಬ ಗುರುತು, ಇವತ್ತಿನ ಕೆಂಪಕ್ಷರ. ಅವಳ ಸತ್ಯವನ್ನೂ ಸುಳ್ಳನ್ನೂ ಒಂದೇ ಪಿನ್ನಿಗೆ ಚುಚ್ಚಿ ತಂದಿದ್ದರು.

ನ್ಯಾಯಾಧೀಶರು ಕಾಗದದಿಂದ ತಲೆ ಎತ್ತಿದರು. ಅಫಿಡವಿಟ್ ಕೊಟ್ಟವರು ಬಂದಿದ್ದಾರೆಯೇ ಎಂದು ಕೇಳಿದರು. ಕಾಂಚನಾ ಎದ್ದು ಮುಂದೆ ಹೋದಳು. ಶರ್ಟಿನ ಕವರು ಇನ್ನೂ ಕೈಯಲ್ಲಿತ್ತು.

“ಹಾ ಫೋಟೊ ತುಮ್ಹೀ ಸ್ವತಃ ಕಾಢಲಾ ಕಾ?” ಈ ಫೋಟೊ ನೀವೇ ತೆಗೆದದ್ದೇ?

ಹೌದೆಂದರೆ ಗಂಡ ಹುಬ್ಬಳ್ಳಿಯಲ್ಲಿ ಇದ್ದದ್ದು ಸುಳ್ಳಾಗುತ್ತದೆ. ಅಲ್ಲವೆಂದರೆ ಅಫಿಡವಿಟ್ ಸುಳ್ಳು, ಫೋಟೊ ಕಸ. ಅವಳು ತಿರುಗಿ ನನ್ನನ್ನು ನೋಡಿದಳು. ಇಷ್ಟು ದಿನ ಅವಳ ಪ್ರತಿ ಪ್ರಶ್ನೆಗೂ ನನ್ನ ಬಳಿ ಒಂದು ನಿಯಮ ಇತ್ತು. ಈಗ ತಲೆ ಅಲ್ಲಾಡಿಸಲೂ ಆಗಲಿಲ್ಲ.

“ನಾಹೀ ಸಾಹೇಬ,” ಎಂದಳು ಕಾಂಚನಾ. “ಮೀ ನಾಹೀ ಕಾಢಲಾ.” ನಾನು ತೆಗೆದಿಲ್ಲ.

ನಮ್ಮ ವಕೀಲರು ಹಣೆ ಚಚ್ಚಿಕೊಂಡರು. ನ್ಯಾಯಾಧೀಶರ ಮುಖ ಬಿಗಿಯಿತು. “ಮಗ ಕೋಣೀ ಕಾಢಲಾ?” ಮತ್ತೆ ಯಾರು ತೆಗೆದದ್ದು?

ಅವಳು ಕೈ ಎತ್ತಿ ಕೊನೆಯ ಬೆಂಚಿನ ಕಡೆಗೆ ತೋರಿಸಿದಳು.

ಎಲ್ಲರ ಜೊತೆ ನಾನೂ ತಿರುಗಿದೆ. ನನ್ನ ಪಕ್ಕದ ಜಾಗ ಖಾಲಿಯಾಗಿತ್ತು. ಜಾಮೀನಿಗೆ ನಿಲ್ಲಬೇಕಾದ ಮನುಷ್ಯ ಸದ್ದಿಲ್ಲದೆ ಎದ್ದು ಹೋಗಿದ್ದ.

ಕಾರಿಡಾರಿಗೆ ಓಡಿದೆ. ಕರಿ ಕೋಟುಗಳ ನಡುವೆ ವಿರುಪಾಕ್ಷಪ್ಪ ಕಾಣಲಿಲ್ಲ. ಒಳಗೆ ನ್ಯಾಯಾಧೀಶರು ಸುಳ್ಳು ಅ‌ಫಿಡವಿಟ್ಟಿನ ಬಗ್ಗೆ ಏರುದನಿಯಲ್ಲಿ ಏನೋ ಹೇಳುತ್ತಿದ್ದರು. ಕೈಯಲ್ಲಿದ್ದ ಫೋನು ನಡುಗಿತು. ಪ್ರಣೀತಾ.

“ಆಂಟಿ, ಒಂದು ವಿಚಿತ್ರ ಆಗಿದೆ. ಅದೇ ಫೋಟೊ ಬಗ್ಗೆ ಇನ್ನೊಬ್ಬರಿಂದ ಮೇಲ್ ಬಂದಿದೆ. ತಟ್ಟೆ ಬಿಗಿದದ್ದು ನಾನು, ಬಿಗಿಸಿದವರ ಫೋಟೊ ಕೂಡ ನನ್ನ ಹತ್ರ ಇದೆ ಅಂತ ಬರೆದಿದ್ದಾರೆ. ಜೀವಕ್ಕೆ ಭಯ ಇದೆಯಂತೆ.”

ಫೋಟೊ ಇಟ್ಟುಕೊಂಡಿದ್ದ ಆ ಇನ್ನೊಬ್ಬರು ಇವರೇ. ಅವರು ಯಾರು, ಎಲ್ಲಿದ್ದಾರೆ ಎಂದು ಗೊತ್ತಿದ್ದ ಮನುಷ್ಯ ಈಗಷ್ಟೇ ಈ ಮೆಟ್ಟಿಲು ಇಳಿದು ಹೋಗಿದ್ದ.

“ಹೆಸರು ಹೇಳು ಪ್ರಣೀತಾ. ಬೇಗ ಹೇಳು ಮಾರಾಯ್ತಿ, ಅವರ ಜೀವ ಹೋಗ್ತದೆ.”

ಅವಳು ಅಳುವ ದನಿಯಲ್ಲಿ ಹೇಳಿದಳು.

“ಆಂಟಿ, ಆ ಮೇಲ್‌ನ ಕೊನೆಯಲ್ಲಿ ಒಂದು ಸಾಲಿದೆ. ‘ನನ್ನ ಹೆಸರು ನಳಿನಾಕ್ಷಿ ಮೇಡಂಗೆ ಮಾತ್ರ ಹೇಳಬೇಡಿ. ಅವರು ಕಾಂಚನಾನ ಕಡೆಯವರು. ಅವರಿಗೆ ಗೊತ್ತಾದದ್ದೆಲ್ಲ ಕಾಕಾಗೆ ಗೊತ್ತಾಗುತ್ತದೆ.’”